ಸೆಷನ್ ಕಟ್ಟಾದರೆ ಮೊದಲು ಗಡಿಯಾರ ನೋಡು

ಚಿ. ಪುಟ್ಟಿಗೆ ಚಿಕ್ಕಪ್ಪನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿ ಸಂಕಟವಾಯಿತು. ಎರಡು ಗಂಟೆ ಕೂತು ತಿದ್ದಿದ ಜೆಸಿಎಲ್ (ಮೇನ್‌ಫ್ರೇಮ್ ಅನ್ನೋ ದೊಡ್ಡ ಕಂಪ್ಯೂಟರಿಗೆ ಕೆಲಸ ಒಪ್ಪಿಸುವ ಆದೇಶಗಳ ಫೈಲ್), ಊಟ ಮುಗಿಸಿ ಬರೋಷ್ಟರಲ್ಲಿ ಸೆಷನ್ ಸಮೇತ ಹೋಗಿತ್ತು ಅಂದೆ. ನೆಟ್‌ವರ್ಕ್ ಸರಿ ಇಲ್ಲ ಅಂತ ಟಿಕೆಟ್ ಹಾಕಿದ್ದೀನಿ ಅಂತಲೂ ಹೇಳಿದೆ. ಆ ಟಿಕೆಟ್ ವಾಪಸ್ ಬರುತ್ತೆ ಕಣೇ. ನೆಟ್‌ವರ್ಕ್‌ನವರು ಪಿಂಗ್ ಮಾಡಿ, ಅಂದರೆ ದಾರಿ ತೆರೆದಿದೆಯಾ ಅಂತ ಪರೀಕ್ಷಿಸಿ, ಎಲ್ಲ ಸರಿ ಇದೆ ಅಂತ ಬರೆದು ಮುಚ್ಚಿಬಿಡುತ್ತಾರೆ.

ಮೇನ್‌ಫ್ರೇಮ್ ಸೆಷನ್ ಕಡಿಯೋಕೆ ದಾರಿಯಲ್ಲಿ ಮೂರು ನಾಲ್ಕು ಜಾಗ ಇವೆ. ಎಲ್ಲಿ ಕಟ್ಟಾಯಿತು ಅಂತ ಗೊತ್ತಿಲ್ಲದೆ ಯಾರನ್ನು ಕೇಳಿದರೂ ಸುಮ್ನೆ ಓಡಾಟ. ಅದಕ್ಕೇ ಮುಂದಿನ ಸಲ ತಕ್ಷಣ ಮತ್ತೆ ಕನೆಕ್ಟ್ ಮಾಡಬೇಡ. ಟೈಮ್ ಬರೆದುಕೋ. ಕೊನೆಯ ಸಲ ಎಂಟರ್ ಒತ್ತಿದ್ದು ಯಾವಾಗ, ಅದನ್ನೂ ಬರೆದುಕೋ. ಎಲ್‌ಯು ಹೆಸರು (ಮೇನ್‌ಫ್ರೇಮ್ ನಿನ್ನ ಟರ್ಮಿನಲ್ಲಿಗೆ ಕೊಟ್ಟ ಹೆಸರು), ಎಮ್ಯುಲೇಟರ್, ಅಂದರೆ ನಿನ್ನ ಟರ್ಮಿನಲ್ ಪ್ರೋಗ್ರಾಮ್, ಕೆಳಗೆ ತೋರಿಸಿದ ನಂಬರ್ ಕೂಡ. ಪಕ್ಕದ ಸೀಟಿನವರದೂ ಹೋಯಿತಾ ಅಂತ ಕೇಳು.

ಆಮೇಲೆ ಲಾಗಾನ್ ಆಗು. ಈ ಐಡಿ ಆಗಲೇ ಲಾಗಾನ್ ಆಗಿದೆ ಅಂತ ಟಿಎಸ್‌ಒ (ಮೇನ್‌ಫ್ರೇಮಿನಲ್ಲಿ ನಾವು ಲಾಗಾನ್ ಆಗಿ ಕೆಲಸ ಮಾಡುವ ವ್ಯವಸ್ಥೆ) ತಡೆದರೆ ಗಾಬರಿ ಬೇಡ. ನಿನ್ನ ಸೆಷನ್ ಒಳಗೆ ಇನ್ನೂ ಜೀವಂತವಾಗಿದೆ ಅಂತ ಅರ್ಥ. ಲಾಗಾನ್ ಪ್ಯಾನೆಲ್‌ನಲ್ಲಿ ರೀಕನೆಕ್ಟ್ ಮುಂದೆ ಎಸ್ ಹಾಕಿ ನೋಡು. ಎಷ್ಟೋ ಸಲ ತಿದ್ದುತ್ತಿದ್ದ ಮೆಂಬರ್ (ಫೈಲ್) ಬಿಟ್ಟ ಸಾಲಿನಲ್ಲೇ ಸಿಗುತ್ತೆ. ಆದರೆ ತಡ ಮಾಡಬೇಡ. ರೀಕಾನ್‌ಲಿಮ್ ಅನ್ನೋ ಸೆಟ್ಟಿಂಗಿನಲ್ಲಿ ರೀಕನೆಕ್ಟಿಗೆ ಕೊಟ್ಟ ನಿಮಿಷ ಮುಗಿದರೆ ಅದೂ ಹೋಗುತ್ತೆ.

ಸೆಷನ್ನೇ ಇಲ್ಲವಾದರೆ ಎಸ್‌ಡಿಎಸ್‌ಎಫ್ (ಸಿಸ್ಟಮ್ಮಿನ ಕೆಲಸ, ಮೆಸೇಜ್ ತೋರಿಸುವ ಪರದೆ) ಲಾಗಿನಲ್ಲಿ ನಿನ್ನ ಐಡಿ ಹುಡುಕು. ಎಸ್522 ಅಬೆಂಡ್ (ಅರ್ಧಕ್ಕೇ ನಿಂತದ್ದರ ಕೋಡ್) ಕಂಡರೆ, ಸುಮ್ಮನೆ ಕೂತಿದ್ದಕ್ಕೆ ಸಿಸ್ಟಮ್ಮೇ ಹೊರಗೆ ಹಾಕಿದೆ. ಆ ಮಿತಿ ಎಸ್‌ಎಂಎಫ್ ಪಾರ್ಮ್ ಅನ್ನೋ ಸಿಸ್ಟಮ್ ಸೆಟ್ಟಿಂಗ್ ಫೈಲಿನ ಜೆಡಬ್ಲ್ಯುಟಿಯಲ್ಲಿರುತ್ತೆ, ಟಿಎಸ್‌ಒಗೆ ಬೇರೆಯಾಗಿ ಟಿಡಬ್ಲ್ಯುಟಿ ಕೊಟ್ಟಿದ್ದರೆ ಅದರಲ್ಲಿ. ಯಾರೂ ಬದಲಾಯಿಸದಿದ್ದರೆ 10 ನಿಮಿಷ. ಇಝಡ್‌ಝಡ್6034 ಅಂತ ಶುರುವಾಗುವ ಮೆಸೇಜ್ ನಿನ್ನ ಎಲ್‌ಯು ಹೆಸರಿನ ಜೊತೆ ಇದ್ದರೆ ಅದನ್ನು ಹಾಗೇ ಕಾಪಿ ಮಾಡಿ ಇಟ್ಟುಕೋ. ನಿನ್ನ ಟರ್ಮಿನಲ್ಲನ್ನು ಮೇನ್‌ಫ್ರೇಮಿಗೆ ಸೇರಿಸುವ ಟೆಲ್ನೆಟ್ ಸರ್ವರ್ ಕನೆಕ್ಷನ್ ಯಾಕೆ ಬಿಟ್ಟಿತು ಅನ್ನೋ ಕೋಡ್ ಅದರಲ್ಲೇ ಇರುತ್ತೆ.

ಜಾಸ್ತಿ ಕಾಡೋದು ಮಧ್ಯದ ಫೈರ್‌ವಾಲ್, ಅಂದರೆ ನೆಟ್‌ವರ್ಕಿನ ಕಾವಲುಗಾರ. ನನ್ನ ಹಳೆಯ ಪ್ರಾಜೆಕ್ಟಿನಲ್ಲಿ ವಾರಗಟ್ಟಲೆ ಎಲ್ಲರೂ ಮೇನ್‌ಫ್ರೇಮನ್ನೇ ಬೈದರು. ಒಂದು ರಾತ್ರಿ ಪಾಳಿಯಲ್ಲಿ ನಾಲ್ಕು ಸೆಷನ್ ತೆರೆದು ಮುಟ್ಟದೆ ಬಿಟ್ಟೆ. ಒಂದನ್ನು 15 ನಿಮಿಷಕ್ಕೆ ಮುಟ್ಟಿದೆ, ಒಂದನ್ನು 25ಕ್ಕೆ, ಇನ್ನೊಂದನ್ನು 29ಕ್ಕೆ. ಮೂರೂ ಉತ್ತರ ಕೊಟ್ಟವು. ನಾಲ್ಕನೆಯದಕ್ಕೆ 35ನೇ ನಿಮಿಷದಲ್ಲಿ ಎಂಟರ್ ಒತ್ತಿದೆ. ಕೆಳಗಿನ ಸಾಲಿನಲ್ಲಿ ಎಕ್ಸ್, ಅದರ ಪಕ್ಕ ಪುಟ್ಟ ಗಡಿಯಾರ, ಅಂದರೆ ಉತ್ತರಕ್ಕೆ ಕಾಯುತ್ತಿದೆ. ಅಲ್ಲೇ ನಿಂತುಬಿಟ್ಟಿತು. ಸರ್ವರ್ ಕಡೆ ನೋಡಿದರೆ ಕನೆಕ್ಷನ್ ಇದೆ ಅಂತಲೇ ತೋರಿಸುತ್ತಿತ್ತು! ಅರ್ಧ ಗಂಟೆ ಮಾತಿಲ್ಲದ ಕನೆಕ್ಷನ್ನನ್ನು ಫೈರ್‌ವಾಲ್ ಮರೆತುಬಿಟ್ಟಿತ್ತು, ಎರಡೂ ತುದಿಗೆ ಹೇಳದೆ.

ಆ ನಾಲ್ಕು ಸಾಲು ಬರೆದು ಕಳಿಸಿದ ಮೇಲೆ ಯಾರೂ ವಾದ ಮಾಡಲಿಲ್ಲ. ಟೆಲ್ನೆಟ್ ಪ್ರೊಫೈಲಿನಲ್ಲಿ ಟೈಮ್‌ಮಾರ್ಕ್ (ಎಷ್ಟು ಹೊತ್ತು ಸುಮ್ಮನಿದ್ದರೆ ವಿಚಾರಿಸಬೇಕು) 600 ಸೆಕೆಂಡ್, ಸ್ಕ್ಯಾನ್‌ಇಂಟರ್ವಲ್ (ಎಷ್ಟು ಹೊತ್ತಿಗೊಮ್ಮೆ ಅದನ್ನು ನೋಡಬೇಕು) 120 ಮಾಡಿದರು. ಸುಮ್ಮನಿರುವ ಟರ್ಮಿನಲ್ಲನ್ನು ಸರ್ವರ್ರೇ ಆಗಾಗ "ಇದ್ದೀಯಾ?" ಅಂತ ಕೇಳುತ್ತೆ, ಆ ಮಾತುಕತೆ ನೋಡಿ ಫೈರ್‌ವಾಲ್ ದಾರಿ ಮುಚ್ಚಲ್ಲ. ಫೈರ್‌ವಾಲಿನ ಮಿತಿಗಿಂತ ಟೈಮ್‌ಮಾರ್ಕ್ ದೊಡ್ಡದಿದ್ದರೆ ಏನೂ ಉಪಯೋಗ ಇಲ್ಲ, ಅದನ್ನು ಕೇಳಿ ತಿಳಿದುಕೋ.

ಇನ್ನೊಂದು ಮಾತು. ತಾನಾಗಿಯೇ ಎಂಟರ್ ಒತ್ತುವ ಮ್ಯಾಕ್ರೊ ಯಾರಾದರೂ ಕೊಟ್ಟರೆ ತಗೋಬೇಡ. ನಿನ್ನ ಐಡಿಗೆ ಪ್ರೊಡಕ್ಷನ್ ಅಧಿಕಾರ ಇದೆ, ಅಲ್ವಾ? ನೀನಿಲ್ಲದ ಸೀಟಿನಲ್ಲಿ ಅದು ತೆರೆದಿರಬಾರದು. ಬದಲಿಗೆ ತಿದ್ದಿದ್ದನ್ನು ಮತ್ತೆ ಪಡೆಯೋ ಹಾಗೆ ಎಡಿಟ್‌ನಲ್ಲಿ ರಿಕವರಿ ಆನ್ ಅಂತ ಹೊಡೆದಿಡು, ಏಳುವ ಮುಂಚೆ ಸೇವ್ ಮಾಡು.

ಈ ವಾರ ಕಟ್ಟಾದಾಗಲೆಲ್ಲ ಟೈಮ್ ಬರೆದಿಡು. ಭಾನುವಾರ ಬರುವಾಗ ಆ ಹಾಳೆ ತಾ, ಇಬ್ಬರೂ ಕೂತು ನೋಡೋಣ. ಚಿಕ್ಕಮ್ಮ ನಿನ್ನನ್ನು ಕೇಳುತ್ತಿದ್ದಾಳೆ.

ಇಂತಿ,
ನಿನ್ನ ಚಿಕ್ಕಪ್ಪ