ಹಳ್ಳ, ಬಂಡಿದಾರಿ ಬಿಟ್ಟು ಬರೆದ ಲೇಔಟ್ ನಕ್ಷೆ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕ ನಿರ್ದೇಶಕರು,
ವಸತಿ ಲೇಔಟ್ ಅಭಿವೃದ್ಧಿ ಕಂಪನಿ,
ಬಾಗಲಕೋಟೆ ಶಾಖೆ.

ಇಂದ,
ಲೇಔಟ್ ಜಮೀನಿನ ಪೂರ್ವಕ್ಕೆ ಹೊಂದಿದ ಹೊಲದ ಮಾಲೀಕ,
ಪುನರ್ವಸತಿ ಕೇಂದ್ರ, ಬೀಳಗಿ ತಾಲೂಕು, ಬಾಗಲಕೋಟೆ ಜಿಲ್ಲೆ.

ವಿಷಯ: ನಮ್ಮೂರ ಅಂಚಿನ 12 ಎಕರೆಯಲ್ಲಿ ತಾವು ಮಾಡಲಿರುವ ಲೇಔಟಿನ ನಕ್ಷೆಯಲ್ಲಿ ಹಳ್ಳ ಮತ್ತು ಬಂಡಿದಾರಿ ಇಲ್ಲದಿರುವುದು ಹಾಗೂ ಮಂಜೂರಾತಿಗೆ ಮೊದಲೇ ಬುಕಿಂಗ್ ಹಣ ಪಡೆಯುತ್ತಿರುವುದು.

ಮಾನ್ಯರೆ,

ಕಳೆದ ತಿಂಗಳು ತಮ್ಮ ಕಂಪನಿಯವರು ಬಂದು ಹನಮಪ್ಪನ ಗುಡಿಕಟ್ಟೆಯ ಮೇಲೆ ಬಣ್ಣದ ನಕ್ಷೆ ಹಾಸಿ ಊರವರಿಗೆಲ್ಲ ತೋರಿಸಿ ಹೋದರು. 30×40 ಅಡಿಯ 200 ಪ್ಲಾಟು, ನಡುವೆ ಉದ್ಯಾನ, ಸುತ್ತ ಕಂಪೌಂಡು, ಮುಂದೆ ಕಮಾನು, ಕಮಾನಿಗೊಬ್ಬ ವಾಚಮನ್. ನಕ್ಷೆ ನೋಡಲು ಚಂದ ಇದೆ. ಆದರೆ ಆ ಜಮೀನನ್ನು ಸೀಳಿಕೊಂಡು ಹೋಗುವ ಹಳ್ಳ ಅದರಲ್ಲಿಲ್ಲ. ಹಳ್ಳದ ದಂಡೆಗುಂಟ ನಮ್ಮ ಹೊಲಗಳಿಗೆ ಹೋಗುವ ಬಂಡಿದಾರಿಯೂ ಇಲ್ಲ. ಅವೆರಡೂ ಇರಬೇಕಾದ ಕಡೆ ಹಳದಿ ಬಣ್ಣ ಬಳಿದು ಸಾಲಾಗಿ ಪ್ಲಾಟ್ ನಂಬರ್ ಬರೆದಿದ್ದೀರಿ.

ಅಲ್ಲೇ ಕೇಳಿದೆ. ತಮ್ಮ ಏಜೆಂಟ್ ಹುಡುಗ, "ಎಲ್ಲೈತ್ರೀ ಕಾಕಾ ಹಳ್ಳ? ಹನಿ ನೀರಿಲ್ಲಲ್ಲ ಅದರಾಗ" ಅಂದ. ಬೇಸಿಗೆಯಲ್ಲಿ ಕಾರಿನಿಂದ ಇಳಿದು ನೋಡಿದವರಿಗೆ ಅದು ಜಾಲಿ ಕಂಟಿ ಬೆಳೆದ ತಗ್ಗಿನ ಹಾಗೆಯೇ ಕಾಣುತ್ತದೆ. ವರ್ಷದಲ್ಲಿ ಬಹುಕಾಲ ಅದು ಒಣಗಿರುವುದೂ ನಿಜ. ಆದರೆ ಮೇಲಿನ ಗುಡ್ಡದಿಂದ ಹಿಡಿದು ನಡುವಿನ ಎರಿ (ಕಪ್ಪು ಮಣ್ಣಿನ) ಹೊಲಗಳ ಒಡ್ಡುಗಳವರೆಗೆ ಬಿದ್ದ ಮಳೆನೀರಿಗೆಲ್ಲ ಹೊಳೆ ಸೇರಲು ಇರುವ ದಾರಿ ಇದೊಂದೇ. ಒಂದು ರಾತ್ರಿ ದೊಡ್ಡ ಮಳೆ ಬಿದ್ದರೆ ಬೆಳಿಗ್ಗೆ ಈಚೆ ದಂಡೆಯವರು ಆಚೆ ದಂಡೆಗೆ ಹೋಗುವಂತಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿ ಜಿಲ್ಲೆಗೆ ಜಿಲ್ಲೆಯೇ ತತ್ತರಿಸಿದಾಗ ಈ ಹಳ್ಳದ ನೀರಿಗೆ ಹೊಳೆಯಲ್ಲಿ ಜಾಗ ಸಿಗದೆ ಹಿಂದಕ್ಕೆ ಒತ್ತಿ ಬಂದು ತಾವು ಉದ್ಯಾನ ಬರೆದಿರುವ ಜಾಗದಲ್ಲಿ ನಿಂತಿತ್ತು. ನನ್ನ ಹೊಲದ ಬಾಂದುಗಲ್ಲು ಆಗ ಮುಳುಗಿದ್ದನ್ನು ನೋಡಿದವರು ಊರ ತುಂಬ ಇದ್ದಾರೆ. ತಮ್ಮ ಇಂಜಿನಿಯರು ಅವರಲ್ಲಿ ಯಾರನ್ನು ಕೇಳಿದ್ದರೂ ಬೆರಳು ಮಾಡಿ ತೋರಿಸುತ್ತಿದ್ದರು.

ಊರವರ ಮಾತು ಬೇಡವೆಂದರೆ ಸರಕಾರಿ ಕಾಗದವನ್ನೇ ನೋಡಿ. ಗ್ರಾಮ ನಕಾಶೆಯಲ್ಲಿ ಹಳ್ಳವೂ ಇದೆ, ಬಂಡಿದಾರಿಯೂ ಇದೆ. ಅದೇ ಸರ್ವೇ ನಂಬರಿನ ಉತಾರದಲ್ಲಿ (ಪಹಣಿಯಲ್ಲಿ) ಖರಾಬು 'ಬ' ಎಂದು ಕ್ಷೇತ್ರ ತೋರಿಸಿದ್ದಾರೆ. ಖರಾಬು 'ಅ' ಎಂದರೆ ಉಳಲು ಬಾರದ ನೆಲ, ಅದು ಹಿಡುವಳಿದಾರರದೇ. 'ಬ' ಎಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. ತಮಗೆ ಜಮೀನು ಕೊಟ್ಟ ರೈತರಿಗೇ ಅದರ ಮೇಲೆ ಹಕ್ಕಿರಲಿಲ್ಲ. ಅವರು ಕೊಡಲಾಗದ್ದನ್ನು ತಾವು ಕೊಳ್ಳಲೂ ಆಗದು, ತುಂಡು ಮಾಡಿ ಇನ್ನೊಬ್ಬರಿಗೆ ಮಾರಲೂ ಆಗದು.

ಬಂಡಿದಾರಿಯ ವಿಷಯಕ್ಕೆ ಬರುತ್ತೇನೆ. ತಮ್ಮವರು ಇದಕ್ಕೆ ಬಹಳ ಸುಲಭದ ಉತ್ತರ ಕೊಟ್ಟರು: "ಲೇಔಟಿನ ಒಳಗಿನ ರಸ್ತೆ ಮ್ಯಾಲೆ ಹಾದು ಹೋಗ್ರಿ, ಡಾಂಬರ್ ರೋಡ್ ಇರ್ತೈತಿ." ಕಮಾನಿನ ಗೇಟು ರಾತ್ರಿ ಹಾಕುವವರು ಯಾರು, ತೆಗೆಯುವವರು ಯಾರು? ಕಬ್ಬು ಕಡಿಯುವ ಹಂಗಾಮಿನಲ್ಲಿ ಎರಡು ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರುಗಳು ಹೊಲದಿಂದ ಹೊರಡುವುದು ಹೆಚ್ಚಾಗಿ ರಾತ್ರಿ ಹೊತ್ತಿನಲ್ಲೇ, ಕಾರ್ಖಾನೆಯ ಪಾಳಿ ಹಿಡಿಯಲು. ತಮ್ಮ 30 ಅಡಿ ರಸ್ತೆಯ ಮೂಲೆಯಲ್ಲಿ ಅಂಥ ಗಾಡಿ ತಿರುಗಬೇಕಾದರೆ ಯಾರದೋ ಕಂಪೌಂಡ್ ಗೋಡೆಗೆ ತಾಗದೆ ಇರದು. ಮೊದಲ ವರ್ಷ ಹೊಂದಿಕೊಂಡು ಹೋಗುತ್ತಾರೆ. ಎರಡನೇ ವರ್ಷ ಪ್ಲಾಟಿನ ಮಾಲೀಕರು ಸಂಘ ಕಟ್ಟಿ, ನಿದ್ದೆ ಕೆಡುತ್ತದೆ, ಮಕ್ಕಳು ಆಡುತ್ತಾರೆ, ಗಾಡಿ ಬಿಡಬೇಡಿ ಎನ್ನುತ್ತಾರೆ. ಅವರು ಹಾಗೆ ಹೇಳುವುದೂ ತಪ್ಪಲ್ಲ. ಆಗ ತಮ್ಮ ಕಂಪನಿ ಇಲ್ಲಿರುವುದಿಲ್ಲ, ಜಗಳ ನಮ್ಮ ಅವರ ನಡುವೆ ಉಳಿಯುತ್ತದೆ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಹೆಂಗಸರು ಮಕ್ಕಳು ಬುತ್ತಿ ಕಟ್ಟಿಕೊಂಡು ಬಂಡಿಯಲ್ಲಿ ಹೋಗುವುದಕ್ಕೂ ವಾಚಮನ್ನನ ಅಪ್ಪಣೆ ಬೇಕೇ?

ನಕ್ಷೆಯ ವಿಷಯದಲ್ಲಿ ಇಷ್ಟೊಂದು ಹಟವೇಕೆ ಎಂದು ತಮಗೆ ಅನ್ನಿಸಬಹುದು. ನಾವು ಈಗಿರುವುದೇ ಒಂದು ನಕ್ಷೆಯ ಊರಿನಲ್ಲಿ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಹಳೇ ಊರು ಬಿಟ್ಟು, ಮಣ್ಣಿನ ಮಾಳಿಗೆಯ ಮೇಲ್ಮುದ್ದೆ ಮನೆಗಳ ತೊಲೆ, ಕಂಬ, ಬಾಗಿಲು ಕಿತ್ತು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ಇಲ್ಲಿ ಮನೆ ಕಟ್ಟಿಕೊಂಡವರು ನಾವು. ಇಲ್ಲಿಯೂ ರಸ್ತೆ ನೇರ, ಪ್ಲಾಟು ಚೌಕ. ಎತ್ತು ಎಲ್ಲಿ ಕಟ್ಟಬೇಕು, ಬಣವಿ ಎಲ್ಲಿ ಒಟ್ಟಬೇಕು, ತಿಪ್ಪೆ ಎಲ್ಲಿ ಹಾಕಬೇಕು ಎಂಬುದಕ್ಕೆ ಮಾತ್ರ ಕಾಗದದಲ್ಲಿ ಜಾಗ ಇರಲಿಲ್ಲ. ಹೀಗಾಗಿ ಇವತ್ತಿಗೂ ನಮ್ಮ ಓಣಿಗಳಲ್ಲಿ ಅರ್ಧ ರಸ್ತೆ ಬಣವಿಗೆ, ಉಳಿದರ್ಧ ದನಗಳಿಗೆ. ಗಟಾರಕ್ಕೆ ಇಳಿಜಾರು ಸರಿಯಾಗಿ ಹಿಡಿಯದೆ ಊರಿನ ಹೊಲಸೆಲ್ಲ ಕೊನೆಯ ಓಣಿಯವರ ಅಂಗಳದಲ್ಲಿ ನಿಲ್ಲುತ್ತದೆ. ತಮ್ಮ ಲೇಔಟಿನ ಗಟಾರ ಕೂಡುವುದು ಅದೇ ಕೊನೆಯ ಓಣಿಯ ಗಟಾರಕ್ಕೆ ಎಂದು ನಕ್ಷೆಯಲ್ಲಿ ಬಾಣದ ಗುರುತು ಹಾಕಿದ್ದೀರಿ. ಆ ಓಣಿಯವರನ್ನು ಒಂದು ಮಾತು ಕೇಳಿದ್ದೀರಾ?

ತಮ್ಮ ಜಾಹೀರಾತಿನಲ್ಲಿ "ನವನಗರದ ಮಾದರಿಯ ಸೆಕ್ಟರ್‌ಗಳು" ಎಂದಿದೆ. ಬಾಗಲಕೋಟೆಯ ನವನಗರಕ್ಕೆ ನಕ್ಷೆ ಹಾಕಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಮುಳುಗುವ ಪಟ್ಟಣವೊಂದರ ಜನರನ್ನು ತಂದು ನೆಲೆಗೊಳಿಸಲು ಮಾಡಿದ ನಗರ ಅದು. 12 ಎಕರೆಯನ್ನು ಎ, ಬಿ, ಸಿ ಎಂದು ಮೂರು ಭಾಗ ಮಾಡಿ ಬೋರ್ಡು ನೆಟ್ಟರೆ ಅದು ನವನಗರದ ಮಾದರಿ ಆಗುವುದು ಹೇಗೋ ನನಗೆ ತಿಳಿಯದು. ಇರಲಿ, ಜಾಹೀರಾತಿನ ಮಾತು.

ಆದರೆ ಅದೇ ಜಾಹೀರಾತಿನ ಇನ್ನೊಂದು ಸಾಲನ್ನು ಹಾಗೆ ಬಿಡಲಾಗದು. "ಆಲಮಟ್ಟಿ 524.256 ಮೀಟರ್ ಆಗಲಿದೆ, ಪರಿಹಾರದ ಹಣ ಬರಲಿದೆ, ಇಂದೇ ಬುಕ್ ಮಾಡಿ, ನಾಳೆ ದುಪ್ಪಟ್ಟು" ಎಂದು ಹಾಕಿದ್ದೀರಿ. ಈಗ ಜಲಾಶಯದಲ್ಲಿ ನೀರು ನಿಲ್ಲಿಸುವುದು 519.60 ಮೀಟರಿನವರೆಗೆ. ಕೃಷ್ಣಾ ನೀರು ಹಂಚಿಕೆಯ ಎರಡನೇ ನ್ಯಾಯಮಂಡಳಿ 2010ರಲ್ಲಿ 524.256ಕ್ಕೆ ಒಪ್ಪಿಗೆ ಕೊಟ್ಟಿದೆ. ಅಂದರೆ ಈಗಿನದಕ್ಕಿಂತ 15 ಅಡಿಗೂ ಹೆಚ್ಚು ಎತ್ತರ. ಆ ಸಂಖ್ಯೆ ಕಿವಿಗೆ ಬಿದ್ದರೆ ಬೆನ್ನಲ್ಲಿ ಚಳಿ ಹುಟ್ಟುವ ಜನ ನಾವು, ತಾವು ಅದನ್ನೇ ಪ್ಲಾಟ್ ಮಾರಲು ಬಳಸಿದ್ದೀರಿ. ಬಳಸಿದ್ದೇ ಆದರೆ ಒಂದು ಪ್ರಶ್ನೆಗೆ ಉತ್ತರಿಸಿ: ತಮ್ಮ ಲೇಔಟಿನ ಅತಿ ತಗ್ಗಿನ ಪ್ಲಾಟಿನ ಮಟ್ಟ ಸಮುದ್ರಮಟ್ಟದಿಂದ ಎಷ್ಟು ಮೀಟರ್? ಹಳ್ಳದ ತಳದ ಮಟ್ಟ ಎಷ್ಟು? ನಕ್ಷೆಯಲ್ಲಿ ಉದ್ಯಾನದ ಹೂಗಿಡಗಳಿಗೂ ಬಣ್ಣ ಹಚ್ಚಿದ್ದೀರಿ, ಲೆವೆಲ್ ಮಾತ್ರ ಒಂದು ಕಡೆಯೂ ಬರೆದಿಲ್ಲ. ಅಣೆಕಟ್ಟೆಯಲ್ಲಿ ನೀರಿನ ಮಟ್ಟ ಏರಿದಾಗ ಹೊಳೆಗೆ ಕೂಡುವ ಹಳ್ಳಗಳು ಎಲ್ಲಿಯವರೆಗೆ ಹಿಂದಕ್ಕೆ ಒತ್ತುತ್ತವೆ ಎಂಬುದನ್ನು ಲೆಕ್ಕ ಹಾಕದೆ ಮಾರಿದ ಪ್ಲಾಟಿನಲ್ಲಿ ಮನೆ ಕಟ್ಟಿದವನು ಎರಡನೇ ಸಲ ಊರು ಬಿಡಬೇಕಾದೀತು. ಹಳೇ ಊರಿನ ಪರಿಹಾರದ ದುಡ್ಡನ್ನೇ ತಂದು ತಮ್ಮಲ್ಲಿ ಹೂಡಲು ಹೊರಟವರು ನಮ್ಮ ನೆಂಟರಲ್ಲೇ ಇದ್ದಾರೆ, ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ಇನ್ನು ಮಣ್ಣು. ಇದು ಎರಿ ನೆಲ. ಪ್ರತಿ ಪ್ಲಾಟಿಗೆ ಒಂದು ಸೆಪ್ಟಿಕ್ ಟ್ಯಾಂಕ್, ಒಂದು ಇಂಗುಗುಂಡಿ ಎಂದು ತಮ್ಮ ಕಾಗದದಲ್ಲಿದೆ. ಎರಿಮಣ್ಣು ನೀರು ಕುಡಿದು ಉಬ್ಬಿದ ಮೇಲೆ ಬಾಯಿ ಮುಚ್ಚಿಕೊಳ್ಳುತ್ತದೆ, ನೀರು ಕೆಳಗಿಳಿಯುವುದು ಬಹಳ ನಿಧಾನ. 200 ಮನೆಗಳ ಬಚ್ಚಲು ಮತ್ತು ಪಾಯಖಾನೆಯ ನೀರು ಮಳೆಗಾಲದಲ್ಲಿ ಗುಂಡಿ ತುಂಬಿ ಮೇಲೆದ್ದು ಹರಿಯುವುದು ತಗ್ಗಿಗೆ, ಅಂದರೆ ನನ್ನ ಬಾವಿಯ ಕಡೆಗೆ. ಮನೆಗಳ ಬುನಾದಿಯ ಮಾತೂ ಇದೇ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆಗಾಲದಲ್ಲಿ ಉಬ್ಬು. ಎರಿ ತೆಗೆದು, ಗಟ್ಟಿ ನೆಲ ಹತ್ತುವವರೆಗೆ ಅಗೆದು, ಗರಸು ತುಂಬಿಸಿ ಗಟ್ಟಿಸದಿದ್ದರೆ ಗೋಡೆ ಸೀಳುತ್ತವೆ. ಆ ಖರ್ಚು ಎಷ್ಟೆಂದು ಬುಕ್ ಮಾಡಲು ಬಂದ ಹೊರಗಿನವರಿಗೆ ಯಾರೂ ಹೇಳುತ್ತಿಲ್ಲ. ಹಳ್ಳದ ಪಾತ್ರ ಮುಚ್ಚಿ ಅದರ ಮೇಲೆ ಮಾಡಿದ ಪ್ಲಾಟುಗಳ ಗತಿ ಬಿಡಿಸಿ ಹೇಳಬೇಕಿಲ್ಲ.

ಕುಡಿಯುವ ನೀರನ್ನು ಪಂಚಾಯತಿಯ ಟಾಕಿಯಿಂದ ಪಡೆಯುವುದಾಗಿ ತಮ್ಮವರು ಹೇಳಿದರು. ಜಲಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಮನೆಗೆ ಐದು ಜನ ಎಂದು ಹಿಡಿದರೂ 200 ಮನೆಗೆ ದಿನಕ್ಕೆ 55,000 ಲೀಟರ್ ಬೇಕು. ಈಗಿರುವ ನಳಗಳಿಗೇ ದಿನ ಬಿಟ್ಟು ದಿನ ನೀರು ಬರುವ ಊರಿನ ಟಾಕಿ ಅದು. ನೀರಿನ ಮೂಲ ಯಾವುದು, ಟಾಕಿ ಯಾರು ಕಟ್ಟುತ್ತಾರೆ ಎಂಬುದು ಪಂಚಾಯತಿ ಠರಾವಿನಲ್ಲಿ ಲಿಖಿತವಾಗಿ ಬರಬೇಕು, ಬಾಯಿಮಾತು ಸಾಲದು.

ಹಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಕಾನೂನು ತಮಗೇ ಚೆನ್ನಾಗಿ ಗೊತ್ತು. ಇವತ್ತಿನ ಉತಾರದಲ್ಲಿ ಇದು ಇನ್ನೂ ಕೃಷಿ ಜಮೀನು. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 95ನೇ ಕಲಮಿನಂತೆ ಎನ್ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿಲ್ಲ, ಲೇಔಟ್ ನಕ್ಷೆಗೆ ಮಂಜೂರಾತಿಯೂ ಇಲ್ಲ. ಇಷ್ಟಿದ್ದೂ ಬಿಳಿ ಹಾಳೆಯ ಮೇಲೆ ರಸೀದಿ ಬರೆದುಕೊಟ್ಟು ಬುಕಿಂಗ್ ಹಣ ತೆಗೆದುಕೊಳ್ಳುತ್ತಿದ್ದೀರಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ 500 ಚದರ ಮೀಟರಿಗಿಂತ ದೊಡ್ಡ ಜಾಗದ ಯೋಜನೆಯನ್ನು ನೋಂದಣಿ ಮಾಡಿಸದೆ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ಮಾಡುವಂತಿಲ್ಲ. ತಮ್ಮ ಜಾಹೀರಾತಿನಲ್ಲಿ ರೇರಾ ನಂಬರ್ ಹುಡುಕಿದೆ, ಸಿಗಲಿಲ್ಲ. "ಇ-ಸ್ವತ್ತು ಮಾಡಿಸಿಕೊಡುತ್ತೇವೆ" ಎಂಬ ಸಾಲು ಮಾತ್ರ ದೊಡ್ಡ ಅಕ್ಷರದಲ್ಲಿದೆ. ಇ-ಸ್ವತ್ತು ಎಂದರೆ ಪಂಚಾಯತಿಯ ಕಂಪ್ಯೂಟರ್ ಆಸ್ತಿ ದಾಖಲೆ. ಲೇಔಟ್ ಮಂಜೂರಾಗದೆ ಅದರ ನಮೂನೆ 9 ಮತ್ತು 11ಎ ಹೇಗೆ ಮಾಡಿಸಿಕೊಡುತ್ತೀರಿ?

ಊರ ಬದಿಗೆ ಲೇಔಟ್ ಆಗಲಿ, ಬೇಡವೆನ್ನುವವ ನಾನಲ್ಲ. ನಮ್ಮ ಹುಡುಗರ ಮದುವೆಯಾಗಿ ಮನೆ ಸಾಲದಾಗಿದೆ, ಪ್ಲಾಟು ಅವರಿಗೂ ಬೇಕು. ಹಳ್ಳ ಇದ್ದಲ್ಲೇ ಇರಲಿ, ಎರಡೂ ದಂಡೆಗೆ ಜಾಗ ಬಿಡಿ, ತಮ್ಮ ಉದ್ಯಾನವನ್ನು ಆ ದಂಡೆಯ ಮೇಲೇ ಮಾಡಿದರೆ ನೋಡಲೂ ಚಂದ. ಬಂಡಿದಾರಿಯನ್ನು ಕಂಪೌಂಡಿನ ಹೊರಗೆ, ಕಬ್ಬಿನ ಗಾಡಿ ತಿರುಗುವ ಅಗಲಕ್ಕೆ ಉಳಿಸಿ. ಹೊಲಸು ನೀರಿಗೆ ಲೇಔಟಿನ ಒಳಗೇ ಶುದ್ಧೀಕರಣದ ವ್ಯವಸ್ಥೆ ಮಾಡಿ. ಇದರಿಂದ ಪ್ಲಾಟು 200 ಇದ್ದದ್ದು 160 ಆಗಬಹುದು. ಆ ನಲವತ್ತು ಪ್ಲಾಟುಗಳ ಲಾಭಕ್ಕಾಗಿಯೇ ಹಳ್ಳ ನಕ್ಷೆಯಿಂದ ಮಾಯವಾಯಿತೆಂದು ಊರಲ್ಲಿ ಮಾತಿದೆ. ಅದು ಸುಳ್ಳೆಂದು ತೋರಿಸುವುದು ತಮ್ಮ ಕೈಯಲ್ಲೇ ಇದೆ.

ಈ ಪತ್ರ ತಲುಪಿದ 15 ದಿನಗಳೊಳಗೆ ತಾಲೂಕು ಸರ್ವೇಯರ್, ಪಂಚಾಯತಿಯವರು ಮತ್ತು ಅಕ್ಕಪಕ್ಕದ ಹೊಲದವರ ಎದುರು ಜಂಟಿ ಅಳತೆ ಮಾಡಿಸಿ, ಹಳ್ಳ ಮತ್ತು ದಾರಿಯ ಗಡಿಗೆ ಕಲ್ಲು ನೆಡಿಸಬೇಕು. ಲೆವೆಲ್ ಬರೆದ ಹೊಸ ನಕ್ಷೆಯನ್ನು ಗ್ರಾಮಸಭೆಯಲ್ಲಿ ಇಡಬೇಕು. ಅಲ್ಲಿಯವರೆಗೆ ಬುಕಿಂಗ್ ನಿಲ್ಲಿಸಿ, ಹಣ ವಾಪಸು ಕೇಳಿದವರಿಗೆ ಕಡಿತವಿಲ್ಲದೆ ಕೊಡಬೇಕು. ಜೆಸಿಬಿ ತಂದು ಹಳ್ಳಕ್ಕೆ ಮಣ್ಣು ತಳ್ಳುವ ಕೆಲಸ ಅದಕ್ಕೂ ಮೊದಲು ಶುರುವಾದರೆ ತಹಶೀಲ್ದಾರರ ಕಚೇರಿಗೂ ರೇರಾ ಪ್ರಾಧಿಕಾರಕ್ಕೂ ಅದೇ ದಿನ ದೂರು ಕೊಡುತ್ತೇವೆ. ಅರ್ಜಿ ಬರೆದು ಇಟ್ಟಾಗಿದೆ, ಕೊನೆಯ ಓಣಿಯವರ ಸಹಿಯೂ ಆಗಿದೆ.

ತಮ್ಮ ಲಿಖಿತ ಉತ್ತರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಏಜೆಂಟರನ್ನು ಮನೆಗೆ ಕಳಿಸುವುದು ಬೇಡ.

ಇಂತಿ ತಮ್ಮ ವಿಶ್ವಾಸಿ,
(ಸಹಿ)

ಲಗತ್ತು: ಗ್ರಾಮ ನಕಾಶೆಯ ಪ್ರತಿ, ಉತಾರ, ತಮ್ಮ ಜಾಹೀರಾತು, ಬುಕಿಂಗ್ ರಸೀದಿಯ ಝೆರಾಕ್ಸ್, 2019ರ ಆಗಸ್ಟಿನಲ್ಲಿ ತೆಗೆದ ಜಮೀನಿನ ಫೋಟೊ.

ಪ್ರತಿ: ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಿಗೆ, ಮುಂದಿನ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ಸೇರಿಸುವ ಕೋರಿಕೆಯೊಂದಿಗೆ.