ಪ್ರಮಾಣವಚನಕ್ಕೆ ಮುಂಚೆ ಪುಟ್ಟಿಗೆ ಬರೆದ ಪತ್ರ

ಮಂಡ್ಯ, ಭಾನುವಾರ

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನೀನು ಅಮೆರಿಕದಲ್ಲಿ ನಿಮ್ಮೂರಿನ ಶಾಲೆಗಳ ಆಡಳಿತ ನೋಡುವ ಸ್ಕೂಲ್ ಬೋರ್ಡಿಗೆ ಆರಿಸಿ ಬಂದ ಸಂತೋಷವನ್ನು ನಿನ್ನ ಅಪ್ಪ ಎಲ್ಲರ ಪರವಾಗಿಯೂ ಫೋನಿನಲ್ಲಿ ಹೇಳಿದ್ದಾನೆ. ಮನೆಯ ಸಮಾಚಾರವೂ ನಿನಗೆ ತಿಳಿದದ್ದೇ. ನಾನು ಬರೆಯಲು ಕುಳಿತದ್ದು ನಿನ್ನ ಪತ್ರದ ಒಂದು ಸಾಲಿನಿಂದಾಗಿ. "ಗೀತೆಯ ಮೇಲೆ ಕೈಯಿಟ್ಟರೂ ಅಷ್ಟೆ, ಬರಿಗೈ ಎತ್ತಿದರೂ ಅಷ್ಟೆ, ನನ್ನ ಮಾತನ್ನು ಇಲ್ಲಿಯವರು ಪೂರ್ತಿ ನಂಬುವುದಿಲ್ಲ ಅನ್ನಿಸುತ್ತಿದೆ ದೊಡ್ಡಪ್ಪ" ಎಂದು ಬರೆದಿದ್ದೀಯ. ಯಾವ ಪುಸ್ತಕ ಒಯ್ಯಲಿ ಎಂದಷ್ಟೇ ಕೇಳಿದ್ದರೆ ಎರಡು ಸಾಲು ಬರೆದು ಮುಗಿಸುತ್ತಿದ್ದೆ. ನಂಬುವುದಿಲ್ಲ ಎಂಬ ಆ ಅಂಜಿಕೆ ನನ್ನನ್ನು ನಿದ್ದೆ ಮಾಡಲು ಬಿಡುತ್ತಿಲ್ಲ.

ಕಾನೂನು ನಿನ್ನ ಕಡೆಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ದೇಶದ ಸಂವಿಧಾನದ ಆರನೆಯ ವಿಧಿಯಲ್ಲಿ ಪ್ರಮಾಣವನ್ನಾಗಲಿ ದೇವರ ಹೆಸರಿಲ್ಲದ ದೃಢೀಕರಣವನ್ನಾಗಲಿ ಮಾಡಬಹುದೆಂದಿದೆ, ಒಕ್ಕೂಟದ ಯಾವ ಹುದ್ದೆಗೂ ಧರ್ಮದ ಪರೀಕ್ಷೆ ಒಡ್ಡಕೂಡದೆಂದಿದೆ; ಪುಸ್ತಕದ ಮಾತೇ ಇಲ್ಲ. ರಾಜ್ಯಗಳ ಮಟ್ಟಿಗೂ ಸಂಶಯ ಉಳಿದಿಲ್ಲ. ಮೇರಿಲ್ಯಾಂಡಿನಲ್ಲಿ ನೋಟರಿಯಾಗಿ ನೇಮಕಗೊಂಡ ಟೊರ್ಕಾಸೊ ಎಂಬವರು ದೇವರಲ್ಲಿ ನಂಬಿಕೆಯಿದೆಯೆಂದು ಘೋಷಿಸಲು ಒಪ್ಪಲಿಲ್ಲವೆಂದು ಅವರಿಗೆ ಹುದ್ದೆ ಕೊಡದೆ ಹೋದಾಗ, ಹಾಗೆ ಘೋಷಣೆ ಕೇಳುವ ಅಧಿಕಾರ ರಾಜ್ಯಕ್ಕಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು 1961ರಲ್ಲಿ ತೀರ್ಪು ಕೊಟ್ಟಿತು. ಆದರೆ ಜನ ನಂಬಬೇಕೆಂದು ಯಾವ ಕೋರ್ಟೂ ಆಜ್ಞೆ ಮಾಡಲಾರದು, ನಿನ್ನ ಅಂಜಿಕೆ ಇರುವುದೂ ಅಲ್ಲಿಯೇ.

ನನ್ನ ನೌಕರಿಯೆಲ್ಲ ಕೋರ್ಟಿನಲ್ಲೇ ಕಳೆಯಿತು. ಸಾಕ್ಷಿದಾರರಿಗೆ ಪ್ರಮಾಣ ಬೋಧಿಸುವುದು ಬೆಂಚ್ ಗುಮಾಸ್ತನಾಗಿದ್ದ ನನ್ನ ಕೆಲಸವಾಗಿತ್ತು. ಸಿನಿಮಾದಲ್ಲಿ ತೋರಿಸುವ ಹಾಗೆ ಗೀತೆಯನ್ನೋ ಕುರಾನನ್ನೋ ನಾವು ಯಾರ ಮುಂದೆಯೂ ಹಿಡಿದವರಲ್ಲ. ಗಂಗಾಜಲ, ಕುರಾನು ಮುಟ್ಟಿಸಿ ಪ್ರಮಾಣ ಮಾಡಿಸುವುದು ಜನರ ಮನಸ್ಸಿಗೆ ನೋವು ತರುತ್ತದೆಂದು ಬ್ರಿಟಿಷ್ ಸರ್ಕಾರವೇ 1840ರಲ್ಲಿ ಅದನ್ನು ಬಿಡಿಸಿತ್ತು. ಈಗಿರುವ 1969ರ ಕಾಯಿದೆಯಲ್ಲಿ ದೇವರ ಹೆಸರು ಅಥವಾ ಸತ್ಯನಿಷ್ಠೆ, ಎರಡರಲ್ಲಿ ಒಂದನ್ನು ಸಾಕ್ಷಿಯೇ ಆರಿಸಿಕೊಳ್ಳಬಹುದು. ಹಳ್ಳಿಯಿಂದ ಬಂದ ಮುದುಕರು ಕಟಕಟೆ ಹತ್ತುವ ಮುಂಚೆ ಚಪ್ಪಲಿ ಕಳಚಿ, ಹೆಗಲ ಮೇಲಿನ ಟವೆಲು ತೆಗೆದು ಕಂಕುಳಲ್ಲಿಟ್ಟುಕೊಳ್ಳುತ್ತಿದ್ದರು. ಒಮ್ಮೆ ಒಬ್ಬ ಹೆಂಗಸು, ಬಳೆ ಮಾರುವವಳು, ಕಟಕಟೆಯ ಮರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ನಾನು ಹೇಳಿಕೊಟ್ಟ ಮಾತನ್ನು ಒಂದೊಂದಾಗಿ ಹೇಳಿದಳು. ಎದುರು ಪಕ್ಷದ ವಕೀಲರು ಎರಡು ಗಂಟೆ ಪಾಟೀಸವಾಲು ಮಾಡಿದರೂ ಅವಳ ಹೇಳಿಕೆ ಒಂದೆಳೆಯಷ್ಟೂ ಕದಲಲಿಲ್ಲ. ಅವಳು ಯಾವ ದೇವರ ಹೆಸರು ಹೇಳಿದಳೆಂದು ಆಮೇಲೆ ಕೋರ್ಟಿನ ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ಪ್ರಮಾಣದ ಮಾತನ್ನು ಗಡಗಡನೆ ಒಪ್ಪಿಸಿ, ಮರುಕ್ಷಣವೇ ಸುಳ್ಳು ಹೇಳಿದವರನ್ನೂ ನಾನು ಬೇಕಾದಷ್ಟು ನೋಡಿದ್ದೇನೆ.

ಈಗ ನನ್ನ ಮನಸ್ಸಿನಲ್ಲಿರುವ ಕೊರಗನ್ನು ಹೇಳುತ್ತೇನೆ. ನಿನ್ನ ಅಪ್ಪನಿಗೂ ಇದನ್ನು ಪೂರ್ತಿ ಹೇಳಿದವನಲ್ಲ. ಪೇಟೆಬೀದಿಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ಒಬ್ಬ ಗೆಳೆಯ ನನಗಿದ್ದ, ಮುಸಲ್ಮಾನ. ಬೀದಿಯ ನಲ್ಲಿ ನಿಂತರೂ, ಚರಂಡಿ ಕಟ್ಟಿಕೊಂಡರೂ, ಯಾರ ವಿಧವಾ ವೇತನ ತಡವಾದರೂ ಜನ ಅವನ ಅಂಗಡಿಗೇ ಬರುತ್ತಿದ್ದರು, ಅವನು ಹೊಲಿಗೆ ನಿಲ್ಲಿಸಿ ಅರ್ಜಿ ಹಿಡಿದುಕೊಂಡು ಪುರಸಭೆಗೆ ಹೋಗುತ್ತಿದ್ದ. ಎಲ್ಲರೂ ಒತ್ತಾಯ ಮಾಡಿ ಅವನಿಂದ ಒಮ್ಮೆ ಚುನಾವಣೆಗೆ ನಾಮಪತ್ರ ಹಾಕಿಸಿದರು. ವಾಪಸು ಪಡೆಯುವ ಕೊನೆಯ ದಿನ ಅವನು ವಾಪಸು ಪಡೆದುಬಿಟ್ಟ. "ಅಲ್ಲಾನ ಹೆಸರಲ್ಲಿ ಪ್ರಮಾಣ ಮಾಡಿದರೆ ಇವನು ಬೇರೆಯವನು ಅಂತಾರೆ, ಸತ್ಯನಿಷ್ಠೆ ಅಂದರೆ ನಮ್ಮವರೇ ದೇವರನ್ನು ಬಿಟ್ಟ ಅಂತಾರೆ. ಹೇಗೆ ಹೇಳಿದರೂ ನಂಬೋದಿಲ್ಲ ಬಿಡು" ಎಂದ. ನಿನ್ನ ಸಾಲು ಓದಿದಾಗ ನನಗೆ ಅವನ ದನಿಯೇ ಕೇಳಿಸಿತು. ಸರ್ಕಾರಿ ನೌಕರನಾದ ನಾನು ಚುನಾವಣೆಯ ವಿಷಯದಲ್ಲಿ ಬಾಯಿ ಹಾಕುವಂತಿರಲಿಲ್ಲ, ನಿವೃತ್ತನಾಗಿ ಮಾತಾಡುವ ಸ್ವಾತಂತ್ರ್ಯ ಬರುವ ಹೊತ್ತಿಗೆ ಅವನು ತೀರಿಕೊಂಡಿದ್ದ. ಆ ಬೀದಿಯ ಜನ ತಮ್ಮ ಕಷ್ಟವನ್ನೆಲ್ಲ ಕಾಗದದಲ್ಲಿ ಬರೆಸಿ ಅವನ ಕೈಗೆ ಕೊಟ್ಟಿದ್ದರಲ್ಲ, ಅದಕ್ಕಿಂತ ಹೆಚ್ಚಿನ ನಂಬಿಕೆ ಇನ್ನೇನಿರುತ್ತದೆ ಎಂದು ಅವನಿಗೆ ಹೇಳಬೇಕಾಗಿತ್ತು. ಅದನ್ನು ಈಗ ನಿನಗೆ ಹೇಳುತ್ತಿದ್ದೇನೆ.

ಪುಟ್ಟಿ, ನಿನಗೆ ಓಟು ಹಾಕಿದವರು ನಿನ್ನ ಹೆಸರು, ಬಣ್ಣ, ದೇವರು ಎಲ್ಲವನ್ನೂ ತಿಳಿದೇ ಹಾಕಿದ್ದಾರೆ. ಲಂಡನ್ನಿನಲ್ಲಿ ಲಯೊನೆಲ್ ಡಿ ರಾಥ್‌ಚೈಲ್ಡ್ ಎಂಬ ಯಹೂದಿಯನ್ನು ಮತದಾರರು 1847ರಲ್ಲಿ ಪಾರ್ಲಿಮೆಂಟಿಗೆ ಆರಿಸಿದರು. ಪ್ರಮಾಣದಲ್ಲಿ ಕ್ರೈಸ್ತನಾಗಿ ಆಡಬೇಕಾದ ಮಾತೊಂದಿತ್ತು, ಅದನ್ನು ಅವರು ಆಡಲಿಲ್ಲ, ಸದನ ಕೂರಲು ಬಿಡಲಿಲ್ಲ. ಜನ ಮತ್ತೆ ಮತ್ತೆ ಅವರನ್ನೇ ಆರಿಸಿದರು. 1858ರಲ್ಲಿ ಸದನವೇ ದಾರಿ ಬಿಟ್ಟಿತು. ನಿಮ್ಮಲ್ಲಿಯೇ ಕೀತ್ ಎಲಿಸನ್ ಎಂಬವರು ನಿಮ್ಮ ದೇಶದ ಸಂಸತ್ತಾದ ಕಾಂಗ್ರೆಸ್ಸಿಗೆ ಆರಿಸಿ ಬಂದ ಮೊದಲ ಮುಸಲ್ಮಾನರಾಗಿ ಕುರಾನಿನ ಮೇಲೆ ಕೈಯಿಡುವೆನೆಂದಾಗ ಎಷ್ಟು ಗದ್ದಲವಾಯಿತು! 2007ರ ಜನವರಿಯಲ್ಲಿ ಎಲ್ಲ ಸದಸ್ಯರ ಜೊತೆ ಬಲಗೈ ಎತ್ತಿ ಪ್ರಮಾಣ ಮಾಡಿ, ಆಮೇಲೆ ಫೋಟೊಗಾಗಿ ನಡೆಯುವ ಸಮಾರಂಭದಲ್ಲಿ ಆ ದೇಶದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಸಂಗ್ರಹದಲ್ಲಿದ್ದ ಕುರಾನಿನ ಮೇಲೆ ಕೈಯಿಟ್ಟರು. ಮಿನ್ನೆಸೊಟಾದ ಜನ ಅವರನ್ನು ಮುಂದೆಯೂ ಆರಿಸುತ್ತಲೇ ಹೋದರು. ಗದ್ದಲ ಮಾಡಿದವರು ಎಂದಾದರೂ ನಂಬಿದರೋ ಇಲ್ಲವೋ, ಅದು ಅವರ ಪಾಡು. ಕೆಲವರು ನಿನ್ನನ್ನೂ ನಂಬದೆ ಇರಬಹುದು, ಹಾಗಿಲ್ಲವೆಂದು ಹೇಳಿ ನಿನ್ನನ್ನು ಸಂತೈಸಲಾರೆ. ಆ ಕೆಲವರನ್ನು ನೋಡಿಕೊಂಡು ಜನ ನಿನ್ನ ಮೇಲಿಟ್ಟ ನಂಬಿಕೆಯನ್ನು ಅಳೆಯಬೇಡ ಎಂದು ಮಾತ್ರ ಕೇಳಿಕೊಳ್ಳುತ್ತೇನೆ.

ನಮ್ಮ ಅಪ್ಪ, ಅಂದರೆ ನಿನ್ನ ತಾತ, ದಿವಾನ್ ಮಿರ್ಜಾ ಇಸ್ಮಾಯಿಲರ ಮಾತು ಬಂದಾಗಲೆಲ್ಲ ನಾಲೆಯ ನೀರು ಬಂದದ್ದನ್ನು, 1933ರಲ್ಲಿ ಇಲ್ಲಿ ಸಕ್ಕರೆ ಕಾರ್ಖಾನೆ ಆದದ್ದನ್ನು, ಕಬ್ಬು ಬೆಳೆದು ಮನೆಗೆ ಹೆಂಚು ಹಾಕಿಸಿದ್ದನ್ನು ಹೇಳುತ್ತಿದ್ದರು. ದಿವಾನರ ಧರ್ಮ ಯಾವುದೆಂಬ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ.

ಸಲಹೆ ಕೊಡಲು ನಾನು ಅಷ್ಟು ತಿಳಿದವನಲ್ಲ, ಅಲ್ಲಿನ ಪದ್ಧತಿ ನಿನಗೇ ಚೆನ್ನಾಗಿ ಗೊತ್ತು. ಆದರೂ ಬೋರ್ಡಿನ ಗುಮಾಸ್ತರನ್ನು ಮೊದಲೇ ಕಂಡು, ಪ್ರಮಾಣದ ವಾಕ್ಯವನ್ನು ಬರೆಸಿಕೊಂಡು, ನೋಡದೆ ಹೇಳುವಷ್ಟು ಬಾಯಿಪಾಠ ಮಾಡಿಕೊ. ವಾಕ್ಯ ಬಾಯಿಗೆ ಬಂದಿದ್ದವರ ದನಿ ನಡುಗುವುದಿಲ್ಲ, ಇದು ಕಟಕಟೆಯ ಪಕ್ಕ ನಿಂತು ಕಂಡದ್ದು. ನಿನ್ನ ಅಮ್ಮ ಅಜ್ಜಿಯ ಗೀತೆಯನ್ನು ಕಳಿಸುತ್ತೇನೆಂದು ಹಟ ಹಿಡಿದಿದ್ದಾಳೆ. ನಿನಗೆ ಅದನ್ನು ಮುಟ್ಟಿದರೆ ಧೈರ್ಯ ಬರುವುದಾದರೆ ಖಂಡಿತ ಒಯ್ಯಿ. ಅಮ್ಮನನ್ನು ಮೆಚ್ಚಿಸಲಿಕ್ಕಾಗಿ ಒಯ್ಯಬೇಡ, ಅಲ್ಲಿಯವರನ್ನು ಮೆಚ್ಚಿಸಲಿಕ್ಕಾಗಿ ಬಿಟ್ಟು ಹೋಗಲೂ ಬೇಡ. ಯಾಕೆ ಹೀಗೆ ಮಾಡಿದೆ ಎಂದು ಪತ್ರಿಕೆಯವರು ಕೇಳಿದರೆ ಉದ್ದಕ್ಕೆ ವಿವರಿಸಲು ಹೋಗಬೇಡ ಎಂದು ಬರೆಯಬೇಕೆನ್ನಿಸುತ್ತದೆ, ಅದು ಕೋರ್ಟಿನವನ ಅಭ್ಯಾಸವಿರಬಹುದು, ಸರಿ ಕಾಣದಿದ್ದರೆ ಬಿಡು.

ಗುಮಾಸ್ತರು ಏನು ಹೇಳಿದರೆಂದು ನನಗೆ ಬರೆ. ಅಮ್ಮನಿಗೆ ಹೇಳಬೇಕಾದದ್ದೇನಾದರೂ ಇದ್ದರೆ ಅದನ್ನೂ ನನಗೇ ಬರೆ, ನಾನು ಮಾತಾಡುತ್ತೇನೆ.

ಇಂತು ನಿನ್ನ
ದೊಡ್ಡಪ್ಪ