ಗೆಳೆಯನಿಗೊಂದು ಪತ್ರ: ಪಂಫುಲ್ಯದಲ್ಲಿ ಎಡವಿದವರು

ಕೊಡಗಿನ ಸಿದ್ದಾಪುರದ ಕಡೆಯಿಂದ, ಮಳೆ ಹೊಳವಾದ ಒಂದು ಸಂಜೆ

ಪ್ರೀತಿಯ ಗೆಳೆಯಾ,

ನಿನ್ನ ಸಂದೇಶ ಬಂದು ಹನ್ನೆರಡು ದಿನವಾಯಿತು. "ಹೊಸ ಅಯ್ಯನವರು ಬಂದರಂತೆ. ಹತ್ತಕ್ಕೆ ಎಷ್ಟು?" ಎಂದು ನಮ್ಮ ಚರ್ಚಿನ ಹೊಸ ಪಾದ್ರಿಗೆ ಅಂಕ ಕೇಳಿದ್ದೆ, ಅಷ್ಟೇ. ಮೈಸೂರು ಸೇರಿ ಎರಡು ವರ್ಷವಾದರೂ ಹಳೆಯ ಚಾಳಿ ಬಿಟ್ಟಿಲ್ಲವಲ್ಲ ಮಾರಾಯ ಎಂದು ನಕ್ಕೆ. ಉತ್ತರವೂ ಬೆರಳ ತುದಿಯಲ್ಲೇ ಇತ್ತು: ನಾಲ್ಕು. ಧ್ವನಿ ಹಿಂದಿನ ಬೆಂಚಿಗೆ ಕೇಳುವುದಿಲ್ಲ, ಹೇಳಿದ್ದನ್ನೇ ಮೂರು ಸಲ ಹೇಳುತ್ತಾರೆ, ಕನ್ನಡಕ ಮರೆತು ಬರುತ್ತಾರೆ. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಮೊಬೈಲ್ ಬದಿಗಿಟ್ಟು ಕಾಗದ ಎಳೆದುಕೊಂಡೆ. ನಮ್ಮಂಥ ಜೋಡಿಗಳು ಬೇರೆ ಚರ್ಚ್ ಸಭೆಗಳಲ್ಲೂ ಇದ್ದಾರು ಎನಿಸಿದ್ದರಿಂದ ಇದನ್ನು ನಾಲ್ಕು ಜನ ಓದುವ ಕಡೆಯೂ ಹಾಕುತ್ತಿದ್ದೇನೆ. ಹೆದರಬೇಡ, ನಿನ್ನ ಹೆಸರು ಬರೆದಿಲ್ಲ.

ಚರ್ಚಿನ ಹಿಂದಿನ ಹಲಸಿನ ಮರ, ಅದರ ಸುತ್ತಲಿನ ಕಲ್ಲುಕಟ್ಟೆ. ಇಪ್ಪತ್ತು ವರ್ಷ, ಆರಾಧನೆ ಮುಗಿದ ಮೇಲೆ ನಮ್ಮ ಕೋರ್ಟು ಅಲ್ಲೇ ಸೇರುತ್ತಿತ್ತು. ನೀನು ಜಡ್ಜು, ನಾನು ಸರ್ಕಾರಿ ವಕೀಲ. ಆರೋಪಿಗಳಿಗೆ ಬರವಿರಲಿಲ್ಲ. ತಾಳ ಬಿಟ್ಟು ಮುಂದೆ ಓಡುವ ಹಾರ್ಮೋನಿಯಂ, ಬೆಳೆಹಬ್ಬದ ಹರಾಜಿನಲ್ಲಿ ಒಂದು ಬಾಳೆಗೊನೆಗೆ ಎರಡು ಸಾವಿರ ಕೂಗಿ ದುಡ್ಡು ಕಟ್ಟಲು ಮೂರು ತಿಂಗಳು ತೆಗೆದುಕೊಂಡವರು, ಕ್ರಿಸ್ಮಸ್ಸಿಗೆ ಮಾತ್ರ ಮುಖ ತೋರಿಸುವ ಸಂಸಾರಗಳು. ನಮ್ಮವರ ಸರದಿ ಮುಗಿದರೆ ರಸ್ತೆಯಾಚೆಯವರು ಇದ್ದೇ ಇದ್ದರು: ಪೆಂತೆಕೊಸ್ತಿನವರ ಗದ್ದಲ, ಕಥೋಲಿಕರ ಮೆರವಣಿಗೆ. ಪೆಂತೆಕೊಸ್ತಿನವರು ಒಂದು ಮದುವೆಗೆ ಐವತ್ತು ಕುರ್ಚಿ ಕೇಳಲು ಬಂದಾಗ ಸಮಿತಿಯಲ್ಲಿ ಕೊಡಬಾರದೆಂದು ವಾದಿಸಿದವನು ನಾನು. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯದ ಮುಂದೆ ಹಾದುಹೋಗುವಾಗಲೆಲ್ಲ ಈಗ ಅದು ನೆನಪಾಗುತ್ತದೆ. ಟಿಪ್ಪುವಿನ ಸೆರೆಗೆ ಹೆದರಿ ಓಡಿಬಂದ ಕ್ರೈಸ್ತರಿಗೆ ನೆಲ ಕೊಟ್ಟು, 1792ರಲ್ಲಿ ಅಲ್ಲೊಂದು ಚರ್ಚು ಏಳಲು ಬಿಟ್ಟವನು ದೊಡ್ಡ ವೀರರಾಜೇಂದ್ರ, ಲಿಂಗಾಯತ ಮನೆತನದ ಅರಸ. ಅವನು ಊರಲ್ಲೇ ಜಾಗ ಕೊಟ್ಟ. ನಾನು ಕುರ್ಚಿ ಕೊಡಲಿಲ್ಲ.

ಇದನ್ನೆಲ್ಲ ನಾವು ಚಾಡಿ ಎನ್ನಲಿಲ್ಲ, "ಸಭೆಯ ಮೇಲಿನ ಕಾಳಜಿ" ಎಂದೆವು. ಪರರ ತಟ್ಟೆಯ ನೊಣ ಎಣಿಸುವವರ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುತ್ತದೆ ಎಂದು ನಮ್ಮ ಹಿರಿಯರು ಹೇಳಿದರು. ಯೇಸು ಸ್ವಾಮಿ ಅದನ್ನೇ ಕಣ್ಣಿನ ರವೆ ಮತ್ತು ತೊಲೆ ಎಂದರು. (ಮರಗೆಲಸದ ಮನೆಯವರಿಗೆ ತೊಲೆ ಹೊಳೆದಿದೆ, ನಮ್ಮವರಿಗೆ ಊಟದ ತಟ್ಟೆ.) ಎರಡೂ ನಮಗೆ ಬಾಯಿಪಾಠ. ಆ ಮಾತುಗಳನ್ನೂ ಬೇರೆಯವರಿಗೆ ಹೊಡೆಯಲೇ ಬಳಸಿದೆವು.

ಆ ಕಟ್ಟೆಯಿಲ್ಲದೆ ಇದ್ದಿದ್ದರೆ ನಮ್ಮ ಸ್ನೇಹ ಇಷ್ಟು ಗಟ್ಟಿಯಾಗುತ್ತಿರಲಿಲ್ಲ ಎನ್ನುವುದೂ ನಿಜ. ನನ್ನನ್ನು ಕಾಡುವುದು ಅದೇ. ಬೇರೆಯವರ ತಪ್ಪುಗಳನ್ನು ತೆಗೆದಿಟ್ಟರೆ ನಮ್ಮಿಬ್ಬರ ನಡುವೆ ಮಾತಿಗೆ ಏನು ಉಳಿಯುತ್ತದೆ? ಕಾಫಿ ಬೆಲೆ, ಆನೆ ಕಾಟ. ಮತ್ತೆ?

ಈಗ ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಯಾವ ಹುಡುಗ ಎಂದು ನಿನಗೆ ಗೊತ್ತು.

ಮೂರು ವರ್ಷದ ಹಿಂದಿನ ಪಂಚಾಶತ್ತಮ ಹಬ್ಬ. ಬೈಬಲ್ ವಾಚನಕ್ಕೆ ನಿಂತವನು ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುತ್ತಿದ್ದ ಹದಿನೇಳರ ಹುಡುಗ. ಮನೆಯಲ್ಲಿ ತಮಿಳು, ಕನ್ನಡ ಸರ್ಕಾರಿ ಶಾಲೆಯಲ್ಲಿ ಕಲಿತದ್ದು. ಆವತ್ತಿಗೆಂದೇ ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿದ್ದ. ತೋಟದ ದಾರಿಯಲ್ಲಿ ನಡೆದು ಬಂದದ್ದರಿಂದ ಪ್ಯಾಂಟಿನ ಅಂಚಿಗೆಲ್ಲ ಕೆಂಪು ರಾಡಿ. ಅಪೊಸ್ತಲರ ಕೃತ್ಯಗಳು, ಎರಡನೆಯ ಅಧ್ಯಾಯ. ಮೊದಲ ವಚನಗಳನ್ನು ಚೆನ್ನಾಗಿಯೇ ಓದಿದ. ಆಮೇಲೆ ಬಂತು ನೋಡು ಆ ಊರುಗಳ ಸಾಲು: ಪಾರ್ಥ್ಯರು, ಮೇದ್ಯರು, ಏಲಾಮ್ಯರು, ಕಪ್ಪದೋಕ್ಯ, ಪೊಂತ, ಫ್ರುಗ್ಯ, ಪಂಫುಲ್ಯ. ಕಪ್ಪದೋಕ್ಯದಲ್ಲಿ ತಡವರಿಸಿದ, ಫ್ರುಗ್ಯವನ್ನು ಹೇಗೋ ದಾಟಿದ, ಪಂಫುಲ್ಯದಲ್ಲಿ ಪೂರ್ತಿ ಸಿಕ್ಕಿಕೊಂಡ. ಮೂರು ಸಲ ಯತ್ನಿಸಿದ. ಯುವಕರ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಕಿವಿಯವರೆಗೂ ಕೆಂಪಾಗಿ, ಉಳಿದದ್ದನ್ನು ಒಂದೇ ಉಸಿರಿಗೆ ಓದಿ ಕೆಳಗಿಳಿದ.

ಅಲ್ಲಿಗೆ ಮುಗಿಯಬಹುದಿತ್ತು. ಬಾಗಿಲಲ್ಲಿ ಎಲ್ಲರೂ ಕೈ ಕುಲುಕುತ್ತಿದ್ದಾಗ ನಾನು, "ಏನಪ್ಪಾ, ಪಂಫುಲ್ಯದಲ್ಲಿ ಕಾಲು ಮುರಿಯಿತಾ?" ಎಂದೆ. ಸುತ್ತ ನಿಂತವರು ನಕ್ಕರು. ಅವನೂ ನಕ್ಕ. ನಗದೆ ಇನ್ನೇನು ಮಾಡಬೇಕಿತ್ತು? ಆಮೇಲೆ ಕಟ್ಟೆಯ ಮೇಲೆ ನೀನು ತೀರ್ಪು ಕೊಟ್ಟೆ: ಇನ್ನು ಮೇಲೆ ಇವನ ಹೆಸರೇ ಪಂಫುಲ್ಯ.

ಆ ದಿನದ ಪಾಠ ಯಾವುದೆಂದು ಯೋಚಿಸು. ಬೇರೆ ಬೇರೆ ನಾಡಿನವರು ದೇವರ ಮಾತನ್ನು ತಮ್ಮ ತಮ್ಮ ಭಾಷೆಯಲ್ಲಿ ಕೇಳಿದ ದಿನ ಅದು. ಅದನ್ನು ಓದಿದವನ ಉಚ್ಚಾರಣೆಯನ್ನು ನಾವು ಗೇಲಿ ಮಾಡಿದೆವು. ಅದೂ ತುಳು, ತಮಿಳು, ಮಲಯಾಳ ಎಲ್ಲ ಬೆರೆತ ನಮ್ಮ ಸಭೆಯಲ್ಲಿ. ನಮ್ಮ ಬಾಸೆಲ್ ಮಿಷನ್ ಮೂಲದ ಬಗ್ಗೆ ನಮಗೆಷ್ಟು ಹೆಮ್ಮೆ! ಆ ಮಿಷನ್ನಿನ ಪಾದ್ರಿ ಮೊಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದಾಗ ಅವರ ಜರ್ಮನ್ ನಾಲಿಗೆಯಲ್ಲಿ ನಮ್ಮ ಳಕಾರ ಹೇಗೆ ಹೊರಳಿತೋ. ಯಾರೋ ಪುಣ್ಯಾತ್ಮರು ನಗದೆ ತಿದ್ದಿರಬೇಕು. ಏಳು ವರ್ಷದಲ್ಲಿ ಅದೇ ಮನುಷ್ಯ 'ಮಂಗಳೂರ ಸಮಾಚಾರ' ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟರು. ಮುಂದೆ ನಮ್ಮ ಕೊಡಗಿಗೂ ಬಂದರು. ಕಿಟೆಲ್ ಅವರ ಕಥೆಯೂ ಹಾಗೆಯೇ. ಈ ನೆಲದವರಂತೆ ಬದುಕಹೊರಟ ಅವರ ರೀತಿ ಸ್ವಂತ ಮಿಷನ್ನಿನ ಜೊತೆಗಾರರಿಗೇ ಸರಿಬರಲಿಲ್ಲ. ಅವರು ಹಿಡಿದ ಕೆಲಸ ಬಿಡಲಿಲ್ಲವಾದ್ದರಿಂದ 1894ರಲ್ಲಿ ಸುಮಾರು 70,000 ಪದಗಳ ನಿಘಂಟು ನಮ್ಮ ಕೈಗೆ ಬಂತು.

ನಮ್ಮ ಹುಡುಗ ಮತ್ತೆ ವಾಚನಕ್ಕೆ ನಿಲ್ಲಲಿಲ್ಲ. ಆರು ತಿಂಗಳಲ್ಲಿ ಚರ್ಚಿಗೆ ಬರುವುದನ್ನೂ ಬಿಟ್ಟ. ಅದಕ್ಕೂ ನಾವು ಕಟ್ಟೆಯಲ್ಲಿ ಕಾರಣ ಹುಡುಕಿದೆವು: ಈಗಿನ ಹುಡುಗರಿಗೆ ಭಕ್ತಿಯಿಲ್ಲ.

ಈ ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟಿತು. ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕೋಣವೆಂದರೆ ಪಂಪಿನ ಫುಟ್‌ವಾಲ್ವ್ ಹೋಗಿತ್ತು. ಕುಶಾಲನಗರದಲ್ಲಿ ಒಂದು ಪಂಪ್‌ಸೆಟ್ ಅಂಗಡಿಗೆ ಹೋದೆ. ಮಾಲೀಕ ಒಳಗೆ ಕೂಗಿದ: "ಏ ಪಂಪು, ಮೂರಿಂಚಿನ ಫುಟ್‌ವಾಲ್ವ್ ತಾ." ಬಂದವನು ಅವನೇ. ಮೀಸೆ ಬಂದಿದೆ. ನಾನು ಏನು ಹೇಳಲೆಂದು ತಿಳಿಯದೆ ನಿಂತಿದ್ದಾಗ ಮಾಲೀಕನೇ ನಗುತ್ತಾ ವಿವರಿಸಿದ, "ಇವನ ಸ್ನೇಹಿತರೆಲ್ಲ ಹಾಗೇ ಕರೆಯುವುದು ಸರ್. ಪಂಪಿನ ಅಂಗಡಿಯಲ್ಲವಾ, ಸರಿಹೋಯಿತು." ಆ ಹೆಸರು ಎಲ್ಲಿಂದ ಬಂತೆಂದು ಆ ಅಂಗಡಿಯಲ್ಲಿ ಗೊತ್ತಿದ್ದದ್ದು ಇಬ್ಬರಿಗೆ.

"ಚೆನ್ನಾಗಿದ್ದೀರಾ ಅಂಕಲ್?" ಎಂದ. ಮುಖದಲ್ಲಿ ಸಿಟ್ಟಿನ ಸುಳಿವೂ ಇಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು. "ಚರ್ಚಿನ ಕಡೆ ಕಾಣುವುದೇ ಇಲ್ಲವಲ್ಲ?" ಎಂದು ಕೇಳಿದೆ. "ಭಾನುವಾರ ಅಂಗಡಿ ಇರುತ್ತದೆ ಅಂಕಲ್" ಎಂದ. ಅವನ ಬೆನ್ನ ಹಿಂದಿನ ಬೋರ್ಡಿನಲ್ಲಿ 'ಭಾನುವಾರ ರಜೆ' ಎಂದು ಬರೆದಿತ್ತು. ನಾನು ಓದಿದ್ದನ್ನು ಅವನು ನೋಡಿದ. ಇಬ್ಬರೂ ಸುಮ್ಮನಾದೆವು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಎದ್ದು ಬೈಬಲ್ ತೆಗೆದು, ಹಾಳು ಪಂಫುಲ್ಯ ಮತ್ತೆಲ್ಲಿ ಬರುತ್ತದೆ ಎಂದು ಹುಡುಕಿದೆ. ಸಿಕ್ಕಿತು. ಅದೇ ಪುಸ್ತಕದಲ್ಲಿ, ಹದಿಮೂರನೆಯ ಅಧ್ಯಾಯ. ಪೌಲ, ಬಾರ್ನಬರು ಮೊದಲ ಸುವಾರ್ತಾ ಪ್ರಯಾಣದಲ್ಲಿ ಪಂಫುಲ್ಯದ ಪೆರ್ಗೆಗೆ ಬರುತ್ತಾರೆ. ಅಲ್ಲಿ ಜೊತೆಗಿದ್ದ ಹುಡುಗ ಯೋಹಾನ ಮಾರ್ಕ ಅವರನ್ನು ಬಿಟ್ಟು ಯೆರೂಸಲೇಮಿಗೆ ಹಿಂದಿರುಗುತ್ತಾನೆ. ಯಾಕೆಂದು ಬರೆದಿಲ್ಲ. ಮನೆಯ ನೆನಪೋ, ಜ್ವರವೋ, ಭಯವೋ. ಎರಡನೆಯ ಪ್ರಯಾಣಕ್ಕೆ ಹೊರಡುವಾಗ ಅವನನ್ನು ಮತ್ತೆ ಕರೆದುಕೊಳ್ಳೋಣ ಎಂದು ಬಾರ್ನಬ, ಪಂಫುಲ್ಯದಲ್ಲಿ ಕೈಬಿಟ್ಟು ಹೋದವನು ಬೇಡವೇ ಬೇಡ ಎಂದು ಪೌಲ. ಜಗಳ ಜೋರಾಗಿ ಇಬ್ಬರೂ ಬೇರೆಯಾದರು. ಪೌಲ ಸೀಲನನ್ನು ಕರೆದುಕೊಂಡು ಹೋದ. ಬಾರ್ನಬ ಎಡವಿದ ಹುಡುಗನ ಕೈಹಿಡಿದು ಸೈಪ್ರಸ್ ಹಡಗು ಹತ್ತಿದ.

ನಾವಾಗಿದ್ದರೆ ಪೌಲನ ಪಕ್ಷ, ಅನುಮಾನವೇ ಇಲ್ಲ. ಪೌಲನ ಮಾತಿನಲ್ಲಿ ನ್ಯಾಯವೂ ಇತ್ತು. ಆದರೆ ಆ ಪೌಲನಿಗೇ ಮೊದಲು ಯಾರು ದಿಕ್ಕಾದದ್ದು? ಕ್ರೈಸ್ತರ ಹಿಂಸಕನಾಗಿದ್ದವನನ್ನು ಯೆರೂಸಲೇಮಿನಲ್ಲಿ ಯಾರೂ ನಂಬದಿದ್ದಾಗ ಅಪೊಸ್ತಲರ ಬಳಿಗೆ ಕರೆದುಕೊಂಡು ಹೋದವನು ಇದೇ ಬಾರ್ನಬ. ಅಂತಿಯೋಕ್ಯದಲ್ಲಿ ಕೆಲಸ ಹೆಚ್ಚಾದಾಗ ತಾರ್ಸಕ್ಕೇ ಹೋಗಿ ಹುಡುಕಿ ತಂದವನೂ ಅವನೇ. ಅವನ ಹುಟ್ಟುಹೆಸರು ಯೋಸೇಫ. ಧೈರ್ಯ ತುಂಬುವವನು ಎಂಬ ಅರ್ಥದಲ್ಲಿ ಅಪೊಸ್ತಲರು ಬಾರ್ನಬ ಎಂದು ಕರೆದರು. ಅಡ್ಡಹೆಸರು ಅವರೂ ಇಟ್ಟರು, ನಾವೂ ಇಟ್ಟೆವು.

ವರ್ಷಗಳ ನಂತರ ಪೌಲ ಸೆರೆಮನೆಯಿಂದ ತಿಮೊಥೆಗೆ ಬರೆಯುತ್ತಾನೆ: ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತನು. ಈ ಸಾಲನ್ನು ಎಷ್ಟೋ ಸಲ ಓದಿದ್ದೆ. ಈ ಸಲ ಮುಂದಕ್ಕೆ ಹೋಗಲು ಆಗಲಿಲ್ಲ. ಆ ಮಾರ್ಕನೇ ನಮ್ಮ ಎರಡನೆಯ ಸುವಾರ್ತೆಯನ್ನು ಬರೆದವನು ಎಂದು ಸಭೆ ಮೊದಲಿನಿಂದಲೂ ನಂಬಿಕೊಂಡು ಬಂದಿದೆ.

ನಿನ್ನ ಪ್ರಶ್ನೆ ನನಗೆ ಇಲ್ಲಿಂದಲೇ ಕೇಳುತ್ತಿದೆ: ಹಾಗಾದರೆ ತಪ್ಪು ಕಂಡರೂ ಬಾಯಿ ಹೊಲಿದುಕೊಂಡು ಕೂರಬೇಕೇ? ಖಂಡಿತ ಬೇಡ. ಸಮಾಧಿಯ ಗೋಡೆಯ ಲೆಕ್ಕ ಸರಿಯಿಲ್ಲದಿದ್ದಾಗ ನಾವು ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳಿದೆವು. ಅದು ಸರಿ, ಈಗಲೂ ಕೇಳುತ್ತೇನೆ. ಅಂತಿಯೋಕ್ಯದಲ್ಲಿ ಪೇತ್ರನು ಯೆಹೂದ್ಯರಲ್ಲದವರ ಊಟದ ಪಂಕ್ತಿಯಿಂದ ಹಿಂದೆ ಸರಿದಾಗ ಪೌಲ ಮುಖಾಮುಖಿ ನಿಂತು ಖಂಡಿಸಿದ. ಆವತ್ತು ನಮ್ಮ ಬಾರ್ನಬನೂ ಪೇತ್ರನ ಜೊತೆ ಸೇರಿ ಜಾರಿದ್ದ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಮುಖಾಮುಖಿ ಎನ್ನುವುದನ್ನು ಗಮನಿಸು. ಸಹೋದರ ತಪ್ಪು ಮಾಡಿದರೆ ಮೊದಲು ಅವನೊಬ್ಬನೇ ಇರುವಾಗ ಹೋಗಿ ಹೇಳು ಎಂದು ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿದೆ. ಇಪ್ಪತ್ತು ವರ್ಷದಲ್ಲಿ ಹಲಸಿನ ಮರ ಕೇಳಿಸಿಕೊಂಡದ್ದರಲ್ಲಿ ಎಷ್ಟನ್ನು ನಾವು ಆಯಾ ಮನುಷ್ಯನಿಗೆ ಹೇಳಿದ್ದೇವೆ? ಆ ಗೋಡೆಯ ಲೆಕ್ಕ ಒಂದನ್ನು ಬಿಟ್ಟರೆ ನನಗೆ ನೆನಪಾಗುತ್ತಿಲ್ಲ.

2019ರ ಆಗಸ್ಟ್ ನಿನಗೆ ನೆನಪಿರಬೇಕು. ಕಾವೇರಿ ಉಕ್ಕಿ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯ ಹೊಳೆದಂಡೆಯ ಮನೆಗಳು ಹೋದವು. ನಮ್ಮ ಮನೆಯಲ್ಲಿ ಕಿಟಕಿಯವರೆಗೆ ನೀರು. ನೀರಿಳಿದ ಮೇಲೆ ಕೆಸರು ಬಾಚುತ್ತಿದ್ದಾಗ ಒಬ್ಬ ಸಭಾ ಹಿರಿಯರು ಬಂದರು. ಅಂಗಳದಲ್ಲಿ ನಿಂತು, "ಹೊಳೆಬದಿಯಲ್ಲಿ ಕಟ್ಟಬೇಡ ಎಂದು ಆಗಲೇ ಹೇಳಿದ್ದೆ" ಎಂದರು. ಹೇಳಿದ್ದು ಹೌದು. ಪ್ರಾರ್ಥನೆ ಮಾಡಿ ಹೋದರು. ಆ ಪ್ರಾರ್ಥನೆಯ ಒಂದು ಪದವೂ ನನಗೆ ನೆನಪಿಲ್ಲ, ಆ ವಾಕ್ಯ ಪೂರ್ತಿ ನೆನಪಿದೆ.

ಅದೇ ಸಂಜೆ ಕೊನೆಯ ಬೆಂಚಿನ ದೊಡ್ಡಮ್ಮ ಬಂದರು. ಹಾಡುವಾಗ ಒಂದು ಸಾಲು ಹಿಂದೆ ಉಳಿಯುತ್ತಾರೆಂದು ನಾವು ಅಣಕಿಸುತ್ತಿದ್ದೆವಲ್ಲ, ಅವರೇ. ಒಂದು ತೂಕುಪಾತ್ರೆಯಲ್ಲಿ ಗಂಜಿ, ಎಲೆಯಲ್ಲಿ ಸುತ್ತಿದ ಮಾವಿನ ಉಪ್ಪಿನಕಾಯಿ. ನನ್ನ ಹೆಂಡತಿಯ ಪಕ್ಕ ಕೂತು ಒದ್ದೆ ಅಕ್ಕಿಯಲ್ಲಿ ಒಳ್ಳೆಯದನ್ನು ಆರಿಸಿದರು. ಕತ್ತಲಾಗುವವರೆಗೆ ಮಳೆಯ ಬಗ್ಗೆ ಒಂದು ಮಾತಿಲ್ಲ, ದೇವರ ಚಿತ್ತದ ಬಗ್ಗೆಯೂ ಇಲ್ಲ. ಬೈಬಲ್ಲಿನಲ್ಲಿ ಎಲ್ಲ ಕಳೆದುಕೊಂಡ ಯೋಬನ ಮೂವರು ಸ್ನೇಹಿತರು ಮೊದಲ ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅವನನ್ನು ದೂರಲು ಬಾಯಿ ತೆರೆಯದೆ ಅಷ್ಟರಲ್ಲೇ ಎದ್ದು ಹೋಗಿದ್ದರೆ ಅವರಿಗೂ ಒಳ್ಳೆಯ ಹೆಸರು ಉಳಿಯುತ್ತಿತ್ತು, ಆ ಪುಸ್ತಕವೂ ಚಿಕ್ಕದಾಗುತ್ತಿತ್ತು.

ಹೊಸ ಅಯ್ಯನವರ ವಿಷಯ ಮರೆತಿಲ್ಲ. ಧ್ವನಿ ಕೇಳುವುದಿಲ್ಲ ಎಂದು ಮನೆಯಲ್ಲಿ ಗೊಣಗುತ್ತಿದ್ದಾಗ ಇವಳು, "ಮುಂದೆ ಕೂರಬಹುದಲ್ಲ" ಎಂದಳು. ಇಪ್ಪತ್ತು ವರ್ಷದಲ್ಲಿ ಹೊಳೆಯದ ಉಪಾಯ! ಈಗ ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದೇನೆ. ಚೆನ್ನಾಗಿ ಕೇಳುತ್ತದೆ. ಮೂರು ಸಲ ಹೇಳುವುದು ನಿಜ, ಲೈನ್ ಮನೆಗಳಿಂದ ಬರುವ ವಯಸ್ಸಾದವರಿಗೆ ಮೂರನೆಯ ಸಲಕ್ಕೆ ಅರ್ಥವಾಗುವುದೂ ನಿಜ. ಹೋದ ವಾರ ಜಡಿಮಳೆಯಲ್ಲಿ ತೋಟದ ರೈಟರ (ಗುಮಾಸ್ತರ) ಮನೆಯ ರೋಗಿಯನ್ನು ನೋಡಲು ಅವರು ಎರಡು ಮೈಲಿ ನಡೆದು ಹೋಗಿದ್ದರು. ಅದು ನನಗೆ ಎಷ್ಟು ಹಿಡಿಸಿತೆಂದು ಅವರಿಗೇ ಹೇಳಿದೆ. ಮನುಷ್ಯ ಗಾಬರಿಯಾದರು. ಇದರ ಹಿಂದೆ ಏನೋ ದೂರು ಬರುತ್ತದೆ ಎಂದು ಕಾಯುತ್ತಾ ನಿಂತಿದ್ದರು, ಪಾಪ.

ಮೇ ತಿಂಗಳಲ್ಲಿ ಮತ್ತೆ ಕುಶಾಲನಗರಕ್ಕೆ ಹೋದೆ. ಬೇಕಾದದ್ದು ಏನೂ ಇರಲಿಲ್ಲ. ಒಂದು ಕಿಲೋ ಮೊಳೆ ಕೇಳಿದೆ. ಅವನು ತೂಗುತ್ತಿದ್ದಾಗ, ಹೆಸರು ಹಿಡಿದು ಕರೆದು, ಆವತ್ತು ಬಾಗಿಲಲ್ಲಿ ನಾನು ಆಡಿದ ಮಾತು ತಪ್ಪು ಎಂದೆ. ಅವನು ತಕ್ಕಡಿಯನ್ನೇ ನೋಡುತ್ತಾ, "ಬಿಡಿ ಅಂಕಲ್, ಹಳೆಯ ಕಥೆ" ಎಂದ. ಮುಳ್ಳು ಒಂದು ಕಿಲೋ ದಾಟಿತ್ತು. ಹೆಚ್ಚಾದದ್ದನ್ನು ತೆಗೆಯದೆ ಹಾಗೇ ಕಟ್ಟಿಕೊಟ್ಟ. ಚರ್ಚಿಗೆ ಇನ್ನೂ ಬಂದಿಲ್ಲ. ಬಾ ಎಂದು ನಾನೂ ಕೇಳಿಲ್ಲ. ಕೇಳುವ ಹಕ್ಕು ಇನ್ನೂ ಬಂದಿಲ್ಲ ಎನಿಸುತ್ತದೆ. ಆಮೇಲೆ ಎರಡು ಸಲ ಹೋಗಿ ಬಂದೆ.

ಬೆಳೆಹಬ್ಬಕ್ಕೆ ನೀನು ಬರುತ್ತೀಯಲ್ಲ, ದಾರಿಯಲ್ಲಿ ಕುಶಾಲನಗರದಲ್ಲಿ ಇಳಿ. ಅಂಗಡಿಯ ಗುರುತು ಫೋನಿನಲ್ಲಿ ಹೇಳುತ್ತೇನೆ. ಮೊಳೆ ಮಾತ್ರ ಕೊಳ್ಳಬೇಡ, ಮನೆಯಲ್ಲಿ ಮೂರು ಕಿಲೋ ಇದೆ.

ನಿನ್ನವನೇ,
ಹಳೆಯ ಸರ್ಕಾರಿ ವಕೀಲ